ಕ್ಯಾಲಿಫೋರ್ನಿಯಾಕ್ಕೆ ಹೊರಟ ನಮ್ಮ ಜಿಲ್ಲೆಯವರಿಗೆ: ಸಹಿಗೂ ಮುಂಚೆ ಓದಬೇಕಾದದ್ದು

ನಾನು ಊರಿಗೆ, ಶಿರಸಿಗೆ, ಬಂದಾಗಲೆಲ್ಲ ಮಗನೋ ಮಗಳೋ ಕ್ಯಾಲಿಫೋರ್ನಿಯಾಕ್ಕೆ ಹೊರಟಿದ್ದಾರೆಂದು ಕುಮಟಾ, ಕಾರವಾರದ ಕಡೆಯವರು ವಿಚಾರಿಸಲು ಬರುತ್ತಾರೆ. ಆ ಮಕ್ಕಳು ಕೆಲಸದ ಒಪ್ಪಂದಕ್ಕೆ ಸಹಿ ಹಾಕುವುದು ಇಲ್ಲಿ, ಮನೆಯ ಜಗುಲಿಯಲ್ಲಿ ಕುಳಿತು, ಹೆಚ್ಚಿನ ಸಲ ಓದದೆಯೇ. ಕೆಲಸ ಕೊಟ್ಟವರನ್ನು ಪ್ರಶ್ನಿಸುವುದು ಹೇಗೆ ಎಂಬ ಸಂಕೋಚ ನಮ್ಮವರಿಗೆ ಬಹಳ. ದಯವಿಟ್ಟು ಅದನ್ನು ಬಿಡಿ.

ಇಷ್ಟು ವರ್ಷದೊಳಗೆ ಕೆಲಸ ಬಿಟ್ಟರೆ ತರಬೇತಿಯ, ವೀಸಾದ ಖರ್ಚನ್ನು ಹಿಂದಿರುಗಿಸಬೇಕು ಎಂಬ ಷರತ್ತಿಗೆ ಹೆದರಿ ಕೆಟ್ಟ ಕೆಲಸದಲ್ಲೇ ಉಳಿದವರಿದ್ದಾರೆ. 2026ರ ಜನವರಿ 1ರಿಂದೀಚೆಗೆ ಮಾಡಿಕೊಂಡ ಒಪ್ಪಂದಗಳಲ್ಲಿ ಇಂಥ ಷರತ್ತನ್ನು ಕ್ಯಾಲಿಫೋರ್ನಿಯಾದ ಎಬಿ 692 ಕಾಯ್ದೆ ನಿಷೇಧಿಸಿದೆ. ವೀಸಾ ಖರ್ಚಿನ ವಸೂಲಿಯನ್ನು ಅದು ಹೆಸರಿಸಿಯೇ ಹೇಳಿದೆ. ಸೇರುವಾಗ ಕೊಡುವ ಬೋನಸ್ಸಿಗೆ ಕಟ್ಟುಪಾಡುಗಳುಳ್ಳ ವಿನಾಯಿತಿಯಿದೆ: ಪ್ರತ್ಯೇಕ ಒಪ್ಪಂದ ಇರಬೇಕು, ವಕೀಲರನ್ನು ಕೇಳಲು ಕನಿಷ್ಠ 5 ಕೆಲಸದ ದಿನ ಕೊಡಬೇಕು, ಅವಧಿ ಎರಡು ವರ್ಷ ಮೀರಬಾರದು, ಬಡ್ಡಿ ಕೂಡದು. 2026ಕ್ಕಿಂತ ಮುಂಚೆ ಸಹಿಯಾದ ಕಾಗದಕ್ಕೆ ಈ ಕಾಯ್ದೆ ಅನ್ವಯಿಸುವುದಿಲ್ಲ. ಹಾಗಾಗಿ ತಾರೀಖು ನೋಡಿ.

ಕೆಲಸದ ಜೊತೆ ಸಿಗುವ ಆರೋಗ್ಯ ವಿಮೆಯ ಜಗಳ ಇದಕ್ಕಿಂತ ಕಠಿಣ. ದೊಡ್ಡ ಕಾಯಿಲೆ ಬಂದರೆ ಮಣಿಪಾಲಕ್ಕೋ ಹುಬ್ಬಳ್ಳಿಗೋ ಗೋವಾಕ್ಕೋ ಓಡುವ ಜಿಲ್ಲೆ ನಮ್ಮದು. ಆಸ್ಪತ್ರೆ ಹತ್ತಿರವಿದ್ದರೆ ಸಾಕೆಂದು ಹಂಬಲಿಸಿ ಬೆಳೆದವರಿಗೆ, ಚಿಕಿತ್ಸೆ ಮುಗಿದ ಮೇಲೆ ‘ಇದು ಅಗತ್ಯವಿರಲಿಲ್ಲ, ಹಣ ಕೊಡುವುದಿಲ್ಲ’ ಎಂದು ಬರುವ ಪತ್ರ ಕೈಕಾಲು ತಣ್ಣಗಾಗಿಸುತ್ತದೆ. ಅದನ್ನು ಅಂತಿಮ ತೀರ್ಪೆಂದು ತಿಳಿಯಬೇಡಿ. ಮೊದಲು ವಿಮಾ ಕಂಪನಿಗೇ ಲಿಖಿತ ಮೇಲ್ಮನವಿ ಕೊಡಿ. ರಾಜ್ಯದ ಆರೋಗ್ಯ ವಿಮಾ ನಿಯಂತ್ರಣ ಇಲಾಖೆಯ ಕೆಳಗೆ ಬರುವ ಯೋಜನೆಯಾದರೆ, ಕಂಪನಿ ಮತ್ತೆ ನಿರಾಕರಿಸಿದ 6 ತಿಂಗಳೊಳಗೆ ಸ್ವತಂತ್ರ ವೈದ್ಯರ ಪರಿಶೀಲನೆಯನ್ನು ಕೇಳಬಹುದು. ಅದಕ್ಕೆ ಶುಲ್ಕವಿಲ್ಲ, ಅವರ ತೀರ್ಮಾನವನ್ನು ಕಂಪನಿ ಪಾಲಿಸಲೇಬೇಕು.

ಆದರೆ ಕೆಲಸ ಕೊಡುವ ದೊಡ್ಡ ಕಂಪನಿಗಳಲ್ಲಿ ಹಲವು ತಮ್ಮ ನಿಧಿಯಿಂದಲೇ ಚಿಕಿತ್ಸೆಯ ಹಣ ಕೊಡುತ್ತವೆ. ಕಾರ್ಡಿನ ಮೇಲೆ ಹೆಸರಿರುವ ವಿಮಾ ಕಂಪನಿ ಲೆಕ್ಕಪತ್ರವನ್ನಷ್ಟೇ ನೋಡಿಕೊಳ್ಳುತ್ತದೆ. ಅಲ್ಲಿ ಅಮೆರಿಕದ ಕೇಂದ್ರ ಸರ್ಕಾರದ ನಿಯಮ: ಮೇಲ್ಮನವಿಗೆ 180 ದಿನ, ಅದೂ ತಿರಸ್ಕೃತವಾದರೆ ಹೊರಗಿನ ಪರಿಶೀಲನೆ ಕೇಳಲು 4 ತಿಂಗಳು. ನಿಮ್ಮದು ಯಾವ ಬಗೆಯ ಯೋಜನೆ ಎಂದು ಸೇರಿದ ವಾರವೇ ಕಚೇರಿಯಲ್ಲಿ ಕೇಳಿ ಬರೆದಿಟ್ಟುಕೊಳ್ಳಿ.

ಕೆಲಸ ಹೋದರೆ ಅದೇ ವಿಮೆಯನ್ನು ಸಾಮಾನ್ಯವಾಗಿ 18 ತಿಂಗಳವರೆಗೆ ಮುಂದುವರಿಸಬಹುದು. ನಿರ್ಧರಿಸಲು ಕನಿಷ್ಠ 60 ದಿನವಿರುತ್ತದೆ, ಆದರೆ ಪೂರ್ತಿ ಕಂತು ನಿಮ್ಮದೇ. ಎಚ್-1ಬಿ ಎಂಬ ಕೆಲಸದ ವೀಸಾದವರಿಗೆ ಕೆಲಸ ಹೋದ ಮೇಲೆ ಅಮೆರಿಕದಲ್ಲಿ ಉಳಿಯಲು ಸಿಗುವ ಗರಿಷ್ಠ 60 ದಿನಗಳ ಕಾಲಾವಕಾಶ ಬೇರೆಯದೇ ಲೆಕ್ಕ. ಎರಡನ್ನೂ ಬೆರೆಸಬೇಡಿ.

ಇನ್ನು ಆಯಿ, ಅಪ್ಪಯ್ಯ ಬಂದು ಹೋಗುವ ವಿಷಯ. ಸಾಮಾನ್ಯವಾಗಿ ಅವರು ನಿಮ್ಮ ಕಂಪನಿಯ ವಿಮೆಗೆ ಸೇರುವುದಿಲ್ಲ, ಪ್ರವಾಸಿಗರ ವಿಮೆಯನ್ನೇ ಕೊಳ್ಳಬೇಕು. ಬಿಪಿ, ಸಕ್ಕರೆ ಕಾಯಿಲೆ ಇದ್ದವರ ಬಿಲ್ಲನ್ನು ‘ಮೊದಲೇ ಇದ್ದ ಕಾಯಿಲೆ’ ಎಂದು ತಳ್ಳಿಹಾಕುವುದು ಇಲ್ಲೇ. ಹಲವು ಪಾಲಿಸಿಗಳು ಹಳೆಯ ಕಾಯಿಲೆ ಹಠಾತ್ತನೆ ಉಲ್ಬಣಿಸಿದರೆ ಮಾತ್ರ, ಅದೂ ಮಿತಿಯೊಳಗೆ, ಹಣ ಕೊಡುತ್ತವೆ. ಆ ವ್ಯಾಖ್ಯಾನದ ಪುಟವನ್ನು ಟಿಕೆಟ್ ಕಾಯ್ದಿರಿಸುವ ಮೊದಲೇ ತರಿಸಿಕೊಳ್ಳಿ. ಅರ್ಥವಾಗದಿದ್ದರೆ ನನಗೆ ಕಳುಹಿಸಿ, ಕುಳಿತು ಓದೋಣ.