ಮುಂದಿನ ಚಕ್ರದ ಟಕ್ ಟಕ್: ಶಾಕ್ ಬದಲಾಯಿಸೋ ಮೊದಲು ನಾನು ನೋಡಿದ್ದು

ನಮ್ಮ ಹಳೇ ಹ್ಯಾಚ್‌ಬ್ಯಾಕ್ ಗಾಡಿಯ ಮುಂದುಗಡೆಯಿಂದ ಟಕ್ ಟಕ್ ಅಂತ ಸದ್ದು ಶುರುವಾಗಿತ್ತು. ಸರ್ವಿಸ್ ಸೆಂಟರ್‌ನವರು ಒಂದು ರೌಂಡ್ ಓಡಿಸಿ ನೋಡಿ, ‘ಎರಡೂ ಶಾಕ್ ಅಬ್ಸಾರ್ಬರ್, ಸ್ಟ್ರಟ್ ಮೌಂಟ್, ಎರಡೂ ಲೋವರ್ ಆರ್ಮ್ ಹಾಕಿಬಿಡೋಣ ಸಾರ್’ ಅಂದರು. (ಸ್ಟ್ರಟ್ ಮೌಂಟ್ ಅಂದರೆ ಶಾಕ್‌ನ ಮೇಲ್ತುದಿಯನ್ನು ಬಾಡಿಗೆ ಹಿಡಿಸೋ ಪಾರ್ಟ್, ಲೋವರ್ ಆರ್ಮ್ ಅಂದರೆ ಚಕ್ರವನ್ನು ಕೆಳಗಡೆ ಗಾಡಿಗೆ ಜೋಡಿಸೋ ತೋಳು.) ಇಷ್ಟೆಲ್ಲ ಬದಲಾಯಿಸಿದರೆ ಸದ್ದು ಹೋಗೇ ಹೋಗುತ್ತೆ, ಅದರಲ್ಲೇನು ಅನುಮಾನ? ಆದರೆ ಅದು ಯಾವ ಪಾರ್ಟ್‌ನಿಂದ ಬರುತ್ತಿತ್ತು ಅಂತ ಕೊನೆಗೂ ಯಾರಿಗೂ ಗೊತ್ತಾಗಲ್ಲ. ಎಸ್ಟಿಮೇಟ್ ಇಸ್ಕೊಂಡು ಗಾಡಿ ಮನೆಗೆ ತಂದೆ.

ಈ ವಿಷಯದಲ್ಲಿ ಬರೀ ಕಿವಿ ನಂಬಿದರೆ ಕಷ್ಟ. ಸದ್ದು ಬಾಡಿಯ ತಗಡಿನ ಉದ್ದಕ್ಕೂ ಸಾಗುತ್ತೆ. ಎಡಗಡೆ ಕೇಳಿದ್ದು ಬಲಗಡೆಯದ್ದೂ ಆಗಿರಬಹುದು. ಅದಕ್ಕೇ ನಾನು ಸದ್ದು ಎಲ್ಲಿಂದ ಬರುತ್ತೆ ಅಂತ ಹುಡುಕೋ ಮೊದಲು ಯಾವಾಗ ಬರುತ್ತೆ ಅಂತ ನೋಡುತ್ತೇನೆ.

ಬನಶಂಕರಿ ಕಡೆ ಇದಕ್ಕೆ ಟೆಸ್ಟ್ ಟ್ರ್ಯಾಕ್ ಏನೂ ಬೇಕಿಲ್ಲ. ಹಂಪ್ ಇದೆ, ರಸ್ತೆ ಮಟ್ಟಕ್ಕಿಂತ ತಗ್ಗಿರೋ ಮ್ಯಾನ್‌ಹೋಲ್ ಇದೆ, ಪೈಪು ಹಾಕಲು ಅಗೆದು ಸುಮ್ನೆ ಮುಚ್ಚಿಹೋದ ಪಟ್ಟಿಗಳಂತೂ ಬೇಕಾದಷ್ಟಿವೆ. ಬೆಳಗ್ಗೆ ಟ್ರಾಫಿಕ್ ಇಲ್ಲದ ಹೊತ್ತಲ್ಲಿ ಕಿಟಕಿ ಇಳಿಸಿ, ಫ್ಯಾನ್ ಆಫ್ ಮಾಡಿ ಹೊರಟೆ. ಹಂಪ್ ಮೇಲೆ ಎರಡೂ ಚಕ್ರ ಒಟ್ಟಿಗೆ ನಿಧಾನವಾಗಿ ಹತ್ತಿಸಿದೆ. ಸದ್ದಿಲ್ಲ. ಎಡ ಚಕ್ರ ಮಾತ್ರ ಮ್ಯಾನ್‌ಹೋಲ್‌ಗೆ ಇಳಿಸಿದೆ. ಟಕ್! ಬಲ ಚಕ್ರ ಮಾತ್ರ ಇಳಿಸಿದರೂ ಸಣ್ಣಗೆ ಟಕ್. ಚಿಕ್ಕ ಚಿಕ್ಕ ಗುಂಡಿಗಳ ರಸ್ತೆಯಲ್ಲಿ ಇಪ್ಪತ್ತರ ಸ್ಪೀಡ್‌ನಲ್ಲಿ ಹೋದರೆ ಒಂದೇ ಸಮನೆ ಕಟಕಟ. ಮೂವತ್ತು ನಲವತ್ತು ದಾಟಿದ ಮೇಲೆ ಟೈರಿನ ಸದ್ದಲ್ಲಿ ಅದು ಮುಚ್ಚಿಹೋಗುತ್ತಿತ್ತು.

ಇದೇ ದೊಡ್ಡ ಸುಳಿವು. ಮುಂದಿನ ಎರಡು ಚಕ್ರಗಳನ್ನು ಜೋಡಿಸಿ ಸ್ಟೆಬಿಲೈಸರ್ ಬಾರ್ ಅಂತ ಒಂದು ಬಗ್ಗಿದ ಸರಳು ಇರುತ್ತೆ. ತಿರುವಿನಲ್ಲಿ ಗಾಡಿ ಒಂದು ಕಡೆ ವಾಲದಂತೆ ತಡೆಯೋದು ಅದರ ಕೆಲಸ. ಎರಡೂ ಚಕ್ರ ಒಟ್ಟಿಗೆ ಮೇಲೆದ್ದರೆ ಈ ಸರಳು ಅದನ್ನು ಹಿಡಿದಿರೋ ರಬ್ಬರ್ ಬುಷ್‌ನೊಳಗೆ ಸುಮ್ನೆ ತಿರುಗುತ್ತೆ, ಅದಕ್ಕೆ ಭಾರವೇ ಬೀಳಲ್ಲ. ಒಂದು ಚಕ್ರ ಮಾತ್ರ ಎದ್ದರೆ ಸರಳು ತಿರುಚಿಕೊಳ್ಳುತ್ತೆ. ಆ ಎಳೆತ ಪೂರ್ತಿ ಬೀಳೋದು ಸರಳಿನ ಎರಡು ತುದಿಯನ್ನು ಚಕ್ರದ ಕಡೆಗೆ ಜೋಡಿಸೋ ಲಿಂಕ್ ರಾಡ್ ಅನ್ನೋ ಸಣ್ಣ ಕಡ್ಡಿಗಳ ಮೇಲೆ. ಶಾಕ್ ಅಥವಾ ಮೌಂಟ್ ಹೋಗಿದ್ದರೆ ನೇರ ಹಂಪ್ ಮೇಲೂ ಸದ್ದು ಬರಬೇಕಿತ್ತು ಅಲ್ವಾ?

ಹಾಗಂತ ತಕ್ಷಣ ಲಿಂಕ್ ತರೋಕೆ ಓಡಲಿಲ್ಲ. ಉಳಿದವನ್ನೂ ಒಂದೊಂದಾಗಿ ಪಕ್ಕಕ್ಕಿಟ್ಟೆ. ಕಟಕಟ ಬರುವಾಗ ಬ್ರೇಕ್ ಮೇಲೆ ಮೆಲ್ಲಗೆ ಕಾಲಿಟ್ಟೆ. ಪ್ಯಾಡ್ ಅಲ್ಲಾಡುತ್ತಿದ್ದರೆ ಸದ್ದು ನಿಲ್ಲಬೇಕು. ನಿಲ್ಲಲಿಲ್ಲ. ಗಾಡಿ ನಿಲ್ಲಿಸಿ ಮಗಳ ಕೈಲಿ ಸ್ಟೇರಿಂಗ್ ಪೂರ್ತಿ ಆ ಕಡೆ ಈ ಕಡೆ ತಿರುಗಿಸಿ, ನಾನು ಸುರುಳಿ ಸ್ಪ್ರಿಂಗ್ ಮೇಲೆ ಬೆರಳಿಟ್ಟೆ. ಮೌಂಟಿನ ಬೇರಿಂಗ್ ಹಿಡಿದುಕೊಂಡಿದ್ದರೆ ಸ್ಪ್ರಿಂಗ್ ತಡೆದು ತಡೆದು ಜಿಗಿಯೋದು ಬೆರಳಿಗೆ ತಿಳಿಯುತ್ತೆ. ನಯವಾಗಿ ತಿರುಗಿತು. ಒಂದು ಕಡೆ ಜ್ಯಾಕ್ ಹಾಕಿ, ಸ್ಟ್ಯಾಂಡ್ ಕೊಟ್ಟು, ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದರೆ ಬಾಲ್ ಜಾಯಿಂಟ್ (ಲೋವರ್ ಆರ್ಮ್ ತುದಿಯ ಕೀಲು) ಮತ್ತು ಚಕ್ರದ ಬೇರಿಂಗ್‌ನ ಆಟ ತಿಳಿಯುತ್ತೆ. ಎಡ ಬಲ ಹಿಡಿದು ಅಲ್ಲಾಡಿಸಿದರೆ ಟೈ ರಾಡ್ ಎಂಡ್‌ನದ್ದು, ಅಂದರೆ ಸ್ಟೇರಿಂಗ್‌ನಿಂದ ಚಕ್ರಕ್ಕೆ ಬರೋ ಕಡ್ಡಿಯ ತುದಿಯ ಕೀಲಿನದ್ದು. ಎರಡೂ ಗಟ್ಟಿ. ಶಾಕ್ ಮೇಲೆ ಎಣ್ಣೆ ಸೋರಿದ ಗುರುತಿಲ್ಲ. ಬಾನೆಟ್ ಒತ್ತಿ ಬಿಟ್ಟರೆ ಒಂದು ಸಲ ಮೇಲೆ ಬಂದು ನಿಂತುಬಿಡುತ್ತೆ. (ಬರೀ ಜ್ಯಾಕ್ ನಂಬಿ ಗಾಡಿ ಕೆಳಗೆ ತಲೆ ಹಾಕುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತೆ. ಸ್ಟ್ಯಾಂಡ್ ಇಲ್ಲದಿದ್ದರೆ ಆ ಕೆಲಸವೇ ಬೇಡ.)

ಲಿಂಕ್ ರಾಡ್ ಹಿಡಿದು ಅಲ್ಲಾಡಿಸಿದಾಗ ಅದೂ ಗಟ್ಟಿಯಾಗೇ ಇತ್ತು! ಇಲ್ಲೇ ಜಾಸ್ತಿ ಜನ ಲಿಂಕ್ ಸರಿಯಿದೆ ಅಂತ ಮುಂದೆ ಹೋಗಿಬಿಡೋದು. ಗಿರಿನಗರದಲ್ಲಿ ನನಗೆ ಪರಿಚಯದ ಮೆಕ್ಯಾನಿಕ್ ಒಬ್ಬರು ಹಿಂದೊಮ್ಮೆ ಹೇಳಿದ್ದ ಮಾತು ನೆನಪಿತ್ತು: ‘ಒಂದೇ ಚಕ್ರ ಎತ್ತಿದ್ರೆ ಬಾರ್ ತಿರುಚ್ಕೊಂಡು ಲಿಂಕ್‌ನ ಎಳ್ದು ಹಿಡ್ಕೊಂಡಿರತ್ತೆ ಸಾರ್. ಎಷ್ಟೇ ಸವೆದಿದ್ರೂ ಅಲ್ಲಾಡಲ್ಲ. ಎರಡೂ ಚಕ್ರ ನೆಲದ ಮೇಲಿರ್ಲಿ, ಇಲ್ಲ ಎರಡೂ ಮೇಲಿರ್ಲಿ.’ ಗಾಡಿ ಇಳಿಸಿದೆ. ಸ್ಟೇರಿಂಗ್ ಪೂರ್ತಿ ತಿರುಗಿಸಿ, ಚಕ್ರದ ಹಿಂದಿನ ಸಂದಿಯಿಂದ ಕೈ ಹಾಕಿ ಲಿಂಕ್ ಹಿಡಿದು ಜಗ್ಗಿದೆ. ಹಣ್ಣಾದ ಹಲ್ಲಿನ ಹಾಗೆ ಲೊಟ ಲೊಟ ಅಂತು. ಮೇಲಿನ ತುದಿಯ ರಬ್ಬರ್ ಬೂಟ್ ಹರಿದು, ಗ್ರೀಸ್ ಇರಬೇಕಾದ ಜಾಗದಲ್ಲಿ ಕೆಂಪು ಮಣ್ಣು ತುಂಬಿತ್ತು. ಬಲಗಡೆಯದ್ದೂ ಅದೇ ಹಾದಿ ಹಿಡಿದಿತ್ತು.

ಕಾಸು ಖರ್ಚು ಮಾಡೋ ಮುಂಚೆ ಇನ್ನೊಂದು ಪರೀಕ್ಷೆ ಬಾಕಿ ಇತ್ತು. ಎರಡೂ ಲಿಂಕ್ ಬಿಚ್ಚಿ, ಬಾರ್‌ನ ತುದಿ ಯಾವುದಕ್ಕೂ ತಾಗದಂತೆ ಕಟ್ಟಿ, ಒಳರಸ್ತೆಯಲ್ಲಿ ಮೆಲ್ಲಗೆ ಓಡಿಸೋದು. ಬಿಚ್ಚೋದೇನೂ ಸಲೀಸಲ್ಲ. ತುಕ್ಕು ಹಿಡಿದ ನಟ್ ತಿರುಗಿಸಿದರೆ ಒಳಗಿನ ಬಾಲ್ ಕೂಡ ಜೊತೆಗೇ ತಿರುಗುತ್ತೆ. ಬೋಲ್ಟ್ ತುದಿಯ ಆರು ಮೂಲೆಯ ಗುಂಡಿಗೆ ಅಲೆನ್ ಕೀ ಕೊಟ್ಟು ಹಿಡಿದು, ಸ್ಪ್ಯಾನರ್‌ನಿಂದ ನಟ್ ಬಿಡಿಸಬೇಕು. ಮೊದಲು ಗುಂಡಿಯ ಮಣ್ಣನ್ನು ಸೂಜಿಯಲ್ಲಿ ಕೆರೆದು ತೆಗೆಯಿರಿ, ಇಲ್ಲದಿದ್ದರೆ ಕೀ ಪೂರ್ತಿ ಕೂರದೆ ಮೂಲೆಗಳು ಸವೆದುಹೋಗುತ್ತವೆ. ಆಮೇಲೆ ಕಟರ್ ಒಂದೇ ಗತಿ. ಲಿಂಕ್ ಇಲ್ಲದ ಗಾಡಿ ತಿರುವಿನಲ್ಲಿ ಚೆನ್ನಾಗಿ ವಾಲುತ್ತೆ, ಮೇನ್ ರೋಡಿಗೆ ಇಳಿಸಲೇಬೇಡಿ.

ಕಟಕಟ ಪೂರ್ತಿ ಮಾಯ. ಆದರೆ ಆ ಗಲಾಟೆಯಲ್ಲಿ ಇಷ್ಟು ದಿನ ಮುಚ್ಚಿಹೋಗಿದ್ದ ಇನ್ನೊಂದು ಸದ್ದು ಈಗ ಕೇಳಿಸಿತು. ಬ್ರೇಕ್ ಹಾಕಿದಾಗ ಕಾಲ ಕೆಳಗೆ ‘ದಡ್’ ಅಂತ ಒಂದೇ ಸಲ, ಮೆತ್ತಗೆ. ರಿವರ್ಸ್ ಹೋಗಿ ಬ್ರೇಕ್ ಹಾಕಿದರೆ ಮತ್ತೆ ದಡ್. ಬ್ರೇಕ್ ಹಾಕಿದಾಗ ಚಕ್ರ ಹಿಂದಕ್ಕೆ ತಳ್ಳುತ್ತೆ, ಅದನ್ನು ತಡೆಯೋದು ಲೋವರ್ ಆರ್ಮ್‌ನ ಬುಷ್. ಲಿವರ್ ಹಾಕಿ ಮೀಟಿದೆ. ಎಡಗಡೆ ಆರ್ಮ್‌ನ ಹಿಂದಿನ ಬುಷ್‌ನಲ್ಲಿ ರಬ್ಬರ್ ಒಳಗಿನ ಕಬ್ಬಿಣದ ಕೊಳವೆಯಿಂದ ಅರ್ಧ ಸುತ್ತು ಬಿಟ್ಟುಕೊಂಡಿತ್ತು. ಬಲಗಡೆ ಸಣ್ಣ ಬಿರುಕು.

ಸ್ಪೇರ್ ಪಾರ್ಟ್ ಅಂಗಡಿಗಳಿರೋ ಜೆ.ಸಿ. ರೋಡಿಗೆ ಹೋಗುವಾಗ ಹಳೇ ಲಿಂಕ್ ಜೊತೆಗೆ ಒಯ್ದೆ. ಒಂದೇ ಮಾಡೆಲ್‌ನಲ್ಲೂ ವರ್ಷಕ್ಕೆ ತಕ್ಕಂತೆ ಉದ್ದ ಬದಲಾಗೋದುಂಟು. ಕೌಂಟರ್ ಮೇಲೆ ಹಳೇದು ಹೊಸದು ಪಕ್ಕಪಕ್ಕ ಇಟ್ಟು ನೋಡಿಬಿಟ್ಟರೆ ಎರಡನೇ ಸಲ ಪಾರ್ಕಿಂಗ್ ಹುಡುಕೋ ತಾಪತ್ರಯ ತಪ್ಪುತ್ತೆ. ಲಿಂಕ್ ಜೋಡಿ, ಬುಷ್ ಜೋಡಿ ತಂದೆ. ಲಿಂಕ್ ಮನೇಲೇ ಹಾಕಿಕೊಂಡೆ. ಬುಷ್‌ಗೆ ಪ್ರೆಸ್ ಬೇಕು, ಸುತ್ತಿಗೆಯಲ್ಲಿ ಬಡಿದು ಕೂರಿಸಿದರೆ ರಬ್ಬರ್ ಅಲ್ಲೇ ಹಾಳು. ಅದನ್ನು ಮನೆ ಹತ್ತಿರದ ಗ್ಯಾರೇಜ್‌ಗೆ ಕೊಟ್ಟೆ.

ಅಲ್ಲಿ ಹುಡುಗ ಚಕ್ರ ನೇತಾಡುತ್ತಿರುವಾಗಲೇ ಆರ್ಮ್ ಬೋಲ್ಟ್ ಪೂರ್ತಿ ಟೈಟ್ ಮಾಡೋಕೆ ಹೊರಟಿದ್ದ. ‘ಸ್ವಲ್ಪ ತಡಿಯಪ್ಪ, ಆರ್ಮ್ ಕೆಳಗೆ ಜ್ಯಾಕ್ ಕೊಡು’ ಅಂದೆ. ‘ಎಲ್ಲಾ ಗಾಡಿಗೂ ಹಿಂಗೇ ಮಾಡೋದು ಸಾರ್’ ಅಂದ. ಸುಮಾರು ಜನ ಹಾಗೇ ಮಾಡುತ್ತಾರೆ, ನಿಜ. ಆದರೆ ನೇತಾಡುವಾಗ ಬಿಗಿದರೆ ಗಾಡಿ ನೆಲಕ್ಕೆ ಇಳಿದ ಕೂಡಲೇ ಬುಷ್ ತಿರುಚಿಕೊಳ್ಳುತ್ತೆ. ನಿಂತಲ್ಲೂ ಓಡುವಾಗಲೂ ಆ ತಿರುಚು ಹಾಗೇ ಉಳಿದು, ರಬ್ಬರ್ ಬೇಗ ಹರಿಯುತ್ತೆ. ಗಾಡಿ ನೆಲದ ಮೇಲಿದ್ದಾಗ ಆರ್ಮ್ ಎಷ್ಟು ಎತ್ತರದಲ್ಲಿರುತ್ತೋ ಅಷ್ಟಕ್ಕೆ ಎತ್ತಿಸಿ ಬಿಗಿಸಿದೆ. ಹುಡುಗ ಮುಖ ಸಿಂಡರಿಸಿಕೊಂಡೇ ಮಾಡಿದ, ಆದರೆ ಅಚ್ಚುಕಟ್ಟಾಗಿ ಮಾಡಿದ.

ಆರ್ಮ್ ಬಿಚ್ಚಿದ ಮೇಲೆ ಅಲೈನ್‌ಮೆಂಟ್ ಮಾಡಿಸಲೇಬೇಕು, ಅದನ್ನೂ ಅವತ್ತೇ ಮುಗಿಸಿದೆ. ಒಟ್ಟು ಖರ್ಚು ಎಸ್ಟಿಮೇಟ್‌ನ ಕಾಲು ಭಾಗವೂ ಆಗಲಿಲ್ಲ. ಹಳೇ ಶಾಕ್‌ಗಳು ಈಗಲೂ ಗಾಡಿಯಲ್ಲೇ ಇವೆ. ಟೈರ್ ಅದಲುಬದಲು ಮಾಡಿಸುವಾಗ ಅವುಗಳ ಮೇಲೆ ಎಣ್ಣೆ ಪಸೆ ಬಂದಿದೆಯಾ ಅಂತ ಬೆರಳು ಸವರಿ ನೋಡುತ್ತೇನೆ. ಬಂದ ದಿನ ಹೊಸದು ಹಾಕಿಸಿದರಾಯಿತು.