ಎತ್ತರದ ಟ್ಯಾಂಕಿಗೆ ಮೀನು ಆರಿಸಿದ್ದು ಹೀಗೆ

ನನ್ನ ಅಕ್ವೇರಿಯಂ ಒಂದಡಿ ಉದ್ದ, ಒಂದಡಿ ಅಗಲ, ಎರಡಡಿ ಎತ್ತರ. ಬೆಂಗಳೂರಿನ ನಮ್ಮ ಮನೆ ಹಾಲಿನ ಮೂಲೆಗೆ ಅಳತೆ ಕೊಟ್ಟು ಮಾಡಿಸಿದ್ದು. ಹಿಡಿಯುವ ನೀರು ಸುಮಾರು 54 ಲೀಟರ್. ಅಂಗಡಿಯಲ್ಲಿ ಸಿಗುವ ಮಾಮೂಲಿ ಎರಡಡಿ ಟ್ಯಾಂಕೂ ಹೆಚ್ಚುಕಡಿಮೆ ಇಷ್ಟೇ ಹಿಡಿಯುತ್ತದೆ. ಹಾಗಂತ ಅದಕ್ಕೆ ಹಾಕುವ ಮೀನನ್ನೇ ಇದಕ್ಕೂ ಹಾಕಲು ಬರುವುದಿಲ್ಲ.

ಕಾರಣ ಸರಳ. ಗಾಳಿಯಲ್ಲಿರುವ ಆಮ್ಲಜನಕ ನೀರಿಗೆ ಇಳಿಯುವುದು ಮೇಲ್ಮೈಯಿಂದ. ಮಲಗಿದ ಟ್ಯಾಂಕಿನ ಮೇಲ್ಮೈ 60 ಸೆಂ.ಮೀ. ಗುಣಿಸು 30, ಅಂದರೆ 1800 ಚದರ ಸೆಂ.ಮೀ. ಅದನ್ನೇ ಎತ್ತಿ ನಿಲ್ಲಿಸಿದರೆ ಉಳಿಯುವುದು 900. ನೀರು ಅಷ್ಟೇ ಇದ್ದರೂ ಉಸಿರಾಟದ ಬಾಗಿಲು ಅರ್ಧಕ್ಕರ್ಧ ಮುಚ್ಚಿದ ಹಾಗೆ. ಈಜಲು ಸಿಗುವ ಉದ್ದವೂ ಅರ್ಧವಾಗುತ್ತದೆ. ಆದ್ದರಿಂದ ನಾನು ಲೀಟರ್ ಲೆಕ್ಕ ಬದಿಗಿಟ್ಟು, ಬುಡದ ಅಳತೆಯನ್ನು ಮಾತ್ರ ಎದುರಿಗಿಟ್ಟುಕೊಂಡು ಮೀನು ಆರಿಸಿದೆ. ಮೀನುಗಳು ಒಂದಕ್ಕೊಂದು ಹೊಂದುತ್ತವೆಯೇ ಎಂದು ಎಲ್ಲರೂ ಕೇಳುತ್ತಾರೆ. ಈ ಮೀನಿಗೆ ಈ ಆಕಾರ ಹೊಂದುತ್ತದೆಯೇ ಎನ್ನುವುದು ಅದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ.

ಅಂಗಡಿಯವರ ಮೊದಲ ಸಲಹೆ, "ಹೈಟ್ ಇರೋ ಟ್ಯಾಂಕ್ ಅಲ್ವಾ ಸಾರ್, ಏಂಜಲ್ ಹಾಕಿ, ಚೆನ್ನಾಗಿ ಕಾಣುತ್ತೆ." ಮಾತಿನಲ್ಲಿ ಅರ್ಧ ಸತ್ಯವಿದೆ. ಏಂಜಲ್ ಮೀನಿನ ಮೈಗೆ ಎತ್ತರ ಬೇಕೇ ಬೇಕು. ಆದರೆ ಬೆಳೆದ ಏಂಜಲ್ ಸುಮಾರು 15 ಸೆಂ.ಮೀ. ಉದ್ದವಾಗುತ್ತದೆ. 30 ಸೆಂ.ಮೀ. ಬುಡದಲ್ಲಿ ಅದು ತಿರುಗಿದರೆ ಎದುರಿಗೆ ಗಾಜು. ಎರಡು ಜೋಡಿಯಾಗಿ ಮೊಟ್ಟೆ ಇಟ್ಟವೋ, ಇಡೀ ಟ್ಯಾಂಕ್ ಅವುಗಳದೇ, ಬೇರೆ ಯಾವ ಮೀನಿಗೂ ನೆಮ್ಮದಿಯಿಲ್ಲ. ಬುಡ ಒಂದೂವರೆ ಅಡಿ ಚದರವಾದರೂ ಇದ್ದಿದ್ದರೆ ಯೋಚಿಸುತ್ತಿದ್ದೆ.

ಜೀಬ್ರಾ ಡೇನಿಯೋ ಪುಟ್ಟ ಮೀನೇ ಆದರೂ ಅಡ್ಡಡ್ಡ ಓಡುವ ಜಾತಿ, ಅದಕ್ಕೆ ಉದ್ದ ಬೇಕು. ನಮ್ಮ ಪಶ್ಚಿಮ ಘಟ್ಟದ ಡೆನಿಸನ್ ಬಾರ್ಬ್‌ಗೂ ಅಷ್ಟೇ. ಹರಿಯುವ ಹೊಳೆಯ ಮೀನು ಅದು, ಮೇಲಾಗಿ ಅಳಿವಿನ ಅಂಚಿನದು. ಟೈಗರ್ ಬಾರ್ಬ್ ಬೇರೆ ಮೀನಿನ ರೆಕ್ಕೆ ಕಚ್ಚುತ್ತದೆ, ಕಿರಿದಾದ ಟ್ಯಾಂಕಿನಲ್ಲಿ ಕಚ್ಚಿಸಿಕೊಂಡದ್ದಕ್ಕೆ ಓಡಿಹೋಗಲು ಜಾಗವಿಲ್ಲ. ಗೋಲ್ಡ್ ಫಿಶ್ ಮಾಡುವ ಗಲೀಜಿಗೂ ಅದಕ್ಕೆ ಬೇಕಾದ ಆಮ್ಲಜನಕಕ್ಕೂ ಈ ಟ್ಯಾಂಕ್ ಸಾಲದು. ಇನ್ನು "ಗಾಜು ಕ್ಲೀನ್ ಮಾಡುತ್ತೆ" ಎಂದು ಬೆರಳುದ್ದದ ಮರಿ ಸಕ್ಕರ್ ಕೊಡುತ್ತಾರಲ್ಲ, ಅದು ಒಂದಡಿಗೂ ಮೀರಿ ಬೆಳೆಯುತ್ತದೆ. ಸಾಕಲಾಗದೆ ಕೆರೆಗೆ ಬಿಡುವವರಿದ್ದಾರೆ. ದಯವಿಟ್ಟು ಯಾರೂ ಹಾಗೆ ಮಾಡಬೇಡಿ, ಕೆರೆಯ ಮೀನುಗಳಿಗೆ ಅದು ಕಂಟಕ.

ನನ್ನ ಮೊದಲ ಆಯ್ಕೆ ಹನಿ ಗೌರಾಮಿ, ಅಂದರೆ ಜೇನುಬಣ್ಣದ ಗೌರಾಮಿ. ಒಂದು ಗಂಡು, ಎರಡು ಹೆಣ್ಣು. ಗೌರಾಮಿಗಳಿಗೆ ಕಿವಿರಿನ ಜೊತೆಗೆ ಇನ್ನೊಂದು ಉಸಿರಾಟದ ಅಂಗವಿದೆ. ಮೇಲೆ ಬಂದು ನೇರವಾಗಿ ಗಾಳಿಯನ್ನೇ ಗುಟುಕರಿಸಬಲ್ಲವು. ಮೇಲ್ಮೈ ಚಿಕ್ಕದಾದ ಟ್ಯಾಂಕಿಗೆ ಇದಕ್ಕಿಂತ ಒಪ್ಪುವ ಗುಣ ಬೇಕೆ? ಬೆಳೆದರೂ 5 ಸೆಂ.ಮೀ. ಆಸುಪಾಸು, ಸಾವಧಾನದ ಈಜು, ಮೇಲಿನ ಭಾಗದಲ್ಲೇ ವಾಸ. ಗಂಗಾ-ಬ್ರಹ್ಮಪುತ್ರಾ ಬಯಲಿನ ಈ ಮೀನಿಗೆ 1822ರಲ್ಲಿ ವೈಜ್ಞಾನಿಕ ಹೆಸರಿಟ್ಟವರು ಫ್ರಾನ್ಸಿಸ್ ಬುಕನನ್ ಹ್ಯಾಮಿಲ್ಟನ್. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಮೈಸೂರು ಸೀಮೆಯನ್ನು ಸುತ್ತಿ ಬೆಳೆ, ಕಸುಬು, ಸಂತೆಗಳನ್ನೆಲ್ಲ ಬರೆದಿಟ್ಟ ಅದೇ ಬುಕನನ್. ಈ ನಂಟು ತಿಳಿದಾಗ ನನಗಾದ ಖುಷಿ ಅಷ್ಟಿಷ್ಟಲ್ಲ.

ಕೊಳ್ಳುವಾಗ ಒಂದು ಎಚ್ಚರ ಬೇಕು. ಸನ್‌ಸೆಟ್ ಹನಿ ಎಂಬ ಹೆಸರಿನಲ್ಲಿ ಕೆಲವೊಮ್ಮೆ ದಪ್ಪ ತುಟಿಯ ಗೌರಾಮಿಯನ್ನು ಕೊಡುತ್ತಾರೆ. ಅದು ಹೆಚ್ಚು ದೊಡ್ಡದಾಗುತ್ತದೆ. ಬಾಯಿಯನ್ನು ಹತ್ತಿರದಿಂದ ನೋಡಿ ತನ್ನಿ. ನೀಲಿ-ಕೆಂಪು ಪಟ್ಟೆಯ ಡ್ವಾರ್ಫ್ ಗೌರಾಮಿಯನ್ನು ನಾನು ಬೇಕೆಂದೇ ಬಿಟ್ಟೆ. ಅವುಗಳಲ್ಲಿ ವಾಸಿಯಾಗದ ವೈರಸ್ ರೋಗವೊಂದು ಹರಡಿದೆ, ಗಂಡುಗಳಿಗೆ ಸಿಟ್ಟೂ ಜಾಸ್ತಿ.

ನಡುವಿನ ಭಾಗಕ್ಕೆ ಹತ್ತು ಎಂಬರ್ ಟೆಟ್ರಾ. ಬ್ರೆಜಿಲ್ ಮೂಲದ, ಕೆಂಡದ ಬಣ್ಣದ, ಎರಡು ಸೆಂ.ಮೀ. ಮೀನು. ಇಷ್ಟು ಚಿಕ್ಕದಕ್ಕೆ ಒಂದಡಿಯೂ ಉದ್ದವೇ. ಮೃದು ನೀರು ಇದಕ್ಕೆ ಇಷ್ಟ. ನಮ್ಮ ಮನೆಗೆ ಬರುವ ಕಾವೇರಿ ನೀರು ಬೋರ್‌ವೆಲ್ ನೀರಿನಷ್ಟು ಗಡಸಲ್ಲ, ಕ್ಲೋರಿನ್ ತೆಗೆದರೆ ಸಾಕು. ಬೋರ್‌ವೆಲ್ ನೀರಿನವರು ಟೆಟ್ರಾ ಬದಲು ಗಪ್ಪಿ ನೋಡಿ. ಗಡಸು ನೀರು ಅವಕ್ಕೆ ಚೆನ್ನಾಗಿ ಒಗ್ಗುತ್ತದೆ. ಗಂಡುಗಳನ್ನು ಮಾತ್ರ ತಂದರೆ ಮರಿಗಳ ಕಾಟವೂ ಇಲ್ಲ.

ತಳಕ್ಕೆ ಮೀನೇ ಹಾಕಲಿಲ್ಲ. ತಳದಲ್ಲಿ ಮೇಯುವ ಪುಟ್ಟ ಮೀನು ಕೋರಿಡೋರಸ್ ಎಂದರೆ ನನಗೆ ಪ್ರಾಣ. ಆದರೆ ಅದು ಆಗಾಗ ಗಾಳಿ ನುಂಗಲು ಮೇಲಕ್ಕೆ ಚಿಮ್ಮುತ್ತದೆ, ಪ್ರತಿ ಸಲವೂ ಎರಡಡಿ ಹತ್ತಿ ಇಳಿಯಬೇಕು. ಗುಂಪಾಗಿ ಮೇಯಲು ಒಂದಡಿ ಮರಳು ಏನೇನೂ ಸಾಲದು. ಅಲ್ಲಿ ಚೆರ್ರಿ ಸಿಗಡಿಗಳಿವೆ. ಉಳಿದ ಆಹಾರ, ಪಾಚಿ, ಕೊಳೆತ ಎಲೆ ಎಲ್ಲವನ್ನೂ ತಿನ್ನುತ್ತವೆ. ಮರಿ ಸಿಗಡಿ ಅಡಗಲು ಜಾವಾ ಮಾಸ್ ಎಂಬ ನೀರಿನ ಗಿಡ ಇಟ್ಟಿದ್ದೇನೆ. ಸಿಗಡಿ ಇದ್ದಲ್ಲಿ ತಾಮ್ರವಿರುವ ಮೀನಿನ ಔಷಧಿ ಹಾಕಬಾರದು.

ಮೀನು ಬರುವ ಮೊದಲೇ ಮುಗಿಸಬೇಕಾದ ಕೆಲಸ ಎತ್ತರವನ್ನು ಬಳಕೆಗೆ ತರುವುದು. ಟ್ಯಾಂಕ್ ಬರಿದಾಗಿದ್ದರೆ ಮೇಲಿನಿಂದ ಕೆಳಗಿನವರೆಗೂ ಎಲ್ಲ ಮೀನಿಗೂ ಎಲ್ಲ ಮೀನು ಕಾಣುತ್ತದೆ, ಜಗಳ ತಪ್ಪದು. ಕವಲೊಡೆದ ಮರದ ಕೊರಡೊಂದನ್ನು ನೆಟ್ಟಗೆ ನಿಲ್ಲಿಸಿ, ಕವಲುಗಳಿಗೆ ಅನುಬಿಯಾಸ್, ಜಾವಾ ಫರ್ನ್ ಕಟ್ಟಿದೆ. ತಳಕ್ಕೆ ಬೆಳಕು ಕಡಿಮೆ ಮುಟ್ಟುವುದರಿಂದ ಕಡಿಮೆ ಬೆಳಕಲ್ಲಿ ಬದುಕುವ ಗಿಡಗಳೇ ಆಗಬೇಕು. ನೀರಿನ ಮೇಲೆ ಸಾಲ್ವಿನಿಯಾ ಎಂಬ ಗಿಡ ತೇಲುತ್ತದೆ.

ಇದರ ಫಲ ಕಂಡದ್ದು ಗಂಡು ಗೌರಾಮಿ ಮೊಟ್ಟೆಗಳಿಗಾಗಿ ಗುಳ್ಳೆಗಳ ಗೂಡು ಕಟ್ಟಿದಾಗ. ಗಂಟಲಿನಿಂದ ಹೊಟ್ಟೆಯವರೆಗೆ ಕಡುನೀಲಿ-ಕಪ್ಪಾಯಿತು, ಉಳಿದ ಮೈ ಜೇನಿನ ಬಣ್ಣಕ್ಕೆ ತಿರುಗಿತು. ಸಾಲ್ವಿನಿಯಾ ಎಲೆಯಡಿ ಗುಳ್ಳೆ ಜೋಡಿಸುತ್ತ, ಹತ್ತಿರ ಬಂದ ಟೆಟ್ರಾಗಳನ್ನು ಅಟ್ಟತೊಡಗಿತು. ಅವು ಒಂದು ಗೇಣು ಕೆಳಗಿಳಿದು ಫರ್ನ್ ಎಲೆಗಳ ಹಿಂದೆ ಸೇರಿಕೊಂಡವು. ಗಂಡು ಅಲ್ಲಿಗೇ ಬಿಟ್ಟು ಗೂಡಿಗೆ ಮರಳಿತು. ಬದಿಗೆ ಓಡಲು ಜಾಗವಿಲ್ಲದ ಟ್ಯಾಂಕಿನಲ್ಲಿ ಕೆಳಗಿಳಿಯುವ ದಾರಿಯೇ ಜೀವ ಉಳಿಸುವುದು.

ಫಿಲ್ಟರ್ ಸ್ಪಂಜಿನದು, ತಳದಲ್ಲಿದೆ. ಗುಳ್ಳೆಗಳು ಕೆಳಗಿನ ನೀರನ್ನು ಮೇಲಕ್ಕೆ ತರುತ್ತವೆ. ಪುಟ್ಟ ಏರ್ ಪಂಪುಗಳು ಎರಡಡಿ ಆಳದಲ್ಲಿ ಸುಸ್ತಾಗುತ್ತವೆ, ಹೆಚ್ಚು ಒತ್ತಡದ್ದನ್ನೇ ಕೊಳ್ಳಿ. ಪಂಪು ನೀರಿನ ಮಟ್ಟಕ್ಕಿಂತ ಕೆಳಗಿದ್ದರೆ ಕರೆಂಟ್ ಹೋದಾಗ ನೀರು ಹಿಂದಕ್ಕೆ ಹರಿಯದಂತೆ ಪೈಪಿಗೆ ವಾಲ್ವ್ ಹಾಕಿ. ಡಿಸೆಂಬರ್-ಜನವರಿ ರಾತ್ರಿಗಳಿಗೆ ಚಿಕ್ಕ ಹೀಟರ್, 25 ಡಿಗ್ರಿಗೆ.

ನೀರು ತುಂಬಿದ ಮೇಲೆ ಅದರಲ್ಲಿ ಹುಟ್ಟುವ, ಮೀನಿಗೆ ವಿಷವಾದ ಅಮೋನಿಯಾ ಮತ್ತು ನೈಟ್ರೈಟ್ ಸೊನ್ನೆಗೆ ಬರುವ ತನಕ ಕಾಯಬೇಕು. ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ. ಆಮೇಲೆ ಮೊದಲು ಸಿಗಡಿ, ನಂತರ ಟೆಟ್ರಾ, ಗೌರಾಮಿ ಕೊನೆಗೆ. ಜಾಗ ತನ್ನದೆನ್ನುವ ಮೀನು ತಡವಾಗಿ ಬಂದರೆ, ಆಗಲೇ ನೆಲೆಯೂರಿದವುಗಳ ಮೇಲೆ ಅದರ ಜೋರು ಅಷ್ಟಾಗಿ ನಡೆಯುವುದಿಲ್ಲ.