ನೆಚ್ಚಿನ ವೆಬ್‌ಸೈಟ್ ಹಂಚುವಾಗ ಜೊತೆಗೊಂದು ಸಾಲು ಬರೆಯಿರಿ

ಕಳೆದ ಮಳೆಗಾಲದಲ್ಲಿ ಒಂದು ದಿನ ಬೆಳಿಗ್ಗೆ ಆರು ಗಂಟೆಗೆ ನಮ್ಮ ಮನೆಯವರ ವಾಟ್ಸ್ಯಾಪ್ ಗುಂಪಿಗೆ ನಾನೊಂದು ಚಿತ್ರ ಹಾಕಿದೆ. ಭಾರೀ ಮಳೆಯಿಂದಾಗಿ ಜಿಲ್ಲೆಯ ಶಾಲೆಗಳಿಗೆ ಇವತ್ತು ರಜೆ ಎಂಬ ಆದೇಶದ ಚಿತ್ರ ಅದು. ಹೊರಗೆ ಮಳೆ ಸುರಿಯುತ್ತಲೇ ಇತ್ತು, ಹಾಗಾಗಿ ಯಾರಿಗೂ ಅನುಮಾನ ಬರಲಿಲ್ಲ. ಆದೇಶ ಹಿಂದಿನ ವರ್ಷದ್ದು ಎಂದು ತಿಳಿಯುವಾಗ ಒಂಬತ್ತೂವರೆ. ಮನೆಯಲ್ಲೇ ಉಳಿದ ತಂಗಿಯ ಮಗಳಿಗೆ ಅವತ್ತು ಪರೀಕ್ಷೆ ಇತ್ತು. "ದೊಡ್ಡಮ್ಮ, ನೀವು ಹಾಕಿದ್ದಲ್ವಾ, ಅದಕ್ಕೇ ನಾನು ಬೇರೆ ಎಲ್ಲೂ ನೋಡಲೇ ಇಲ್ಲ" ಎಂದಳು. ಆ ಮಾತು ಇನ್ನೂ ಮನಸ್ಸಿನಿಂದ ಹೋಗಿಲ್ಲ.

ಅಂದಿನಿಂದ ಗುಂಪಿಗೆ ಚಿತ್ರ ಹಾಕುವುದು ಬಿಟ್ಟು, ಎಲ್ಲರೂ ನಂಬಿ ತೆರೆಯಬಹುದಾದ ವೆಬ್‌ಸೈಟ್‌ಗಳ ಪಟ್ಟಿಯೊಂದನ್ನು ಮಾಡಿಟ್ಟುಕೊಂಡಿದ್ದೇವೆ. ಉಡುಪಿಯ ನಮ್ಮ ಮನೆ, ಪುತ್ತೂರಿನ ದೊಡ್ಡಪ್ಪ, ಮಂಗಳೂರಿನ ತಂಗಿ, ದುಬೈಯಲ್ಲಿರುವ ಭಾವ ಎಲ್ಲರೂ ಅದನ್ನೇ ಬಳಸುತ್ತೇವೆ. ನಿಮ್ಮ ಮನೆಗೂ ಇಂಥದ್ದೊಂದು ಬೇಕೆಂದಿದ್ದರೆ ಹೀಗೆ ಮಾಡಿ.

ಮೊದಲು ಹತ್ತನ್ನೇ ಆರಿಸಿ

ಮೊಬೈಲಿನ ಬ್ರೌಸರಿನಲ್ಲಿ ಹಿಸ್ಟರಿ ತೆರೆದು, ತಿಂಗಳಿಂದ ನೀವು ನಿಜವಾಗಿ ಮತ್ತೆ ಮತ್ತೆ ಹೋದ ಪುಟಗಳು ಯಾವುವು ನೋಡಿ. ಚೆನ್ನಾಗಿರಬಹುದು ಅನ್ನಿಸಿದ್ದನ್ನೆಲ್ಲ ಸೇರಿಸುತ್ತಾ ಹೋದರೆ ಪಟ್ಟಿ ನೂರಕ್ಕೇರುತ್ತದೆ, ಯಾರೂ ಓದುವುದಿಲ್ಲ. ಸುದ್ದಿಗೆ ಮೂರು, ಮಾಹಿತಿಗೆ ಐದು, ನಗುವಿಗೆ ಎರಡು ಇದ್ದರೆ ಶುರುವಿಗೆ ಸಾಕು.

ಸುದ್ದಿಗೆ ಊರಿನದೊಂದು, ರಾಜ್ಯದ್ದೊಂದು ಇರಲಿ. ನಮ್ಮ ಪಟ್ಟಿಯಲ್ಲಿ ಮಣಿಪಾಲದಿಂದ 1970ರಲ್ಲಿ ಶುರುವಾದ ಉದಯವಾಣಿ ಇದೆ, ಮಂಗಳೂರಿನ ದಾಯ್ಜಿವರ್ಲ್ಡ್ ಇದೆ, ರಾಜ್ಯದ ಸುದ್ದಿಗೆ ಪ್ರಜಾವಾಣಿ ಇದೆ. ಒಂದೇ ಸುದ್ದಿಯನ್ನು ಎರಡು ಕಡೆ ಓದುವ ಅಭ್ಯಾಸ ಬಿದ್ದರೆ ಅರ್ಧ ಗಾಳಿಸುದ್ದಿ ಅಲ್ಲೇ ನಿಲ್ಲುತ್ತದೆ.

ಮಾಹಿತಿ ವಿಭಾಗಕ್ಕೆ ಹೆಚ್ಚು ಸಮಯ ಕೊಡಿ, ಮನೆಗೆ ನಿಜವಾಗಿ ಉಪಕಾರಕ್ಕೆ ಬರುವುದು ಅದೇ. ಕನ್ನಡ ಪದದ ಅರ್ಥಕ್ಕೆ ನಾವು ಇಟ್ಟುಕೊಂಡಿರುವುದು ಅಲರ್ ನಿಘಂಟು. ವಿ. ಕೃಷ್ಣ ಅವರು ವರ್ಷಗಟ್ಟಲೆ ಒಬ್ಬರೇ ಕೂತು ಕಟ್ಟಿದ ಕನ್ನಡ-ಇಂಗ್ಲಿಷ್ ಕೋಶ ಅದು. ಒಂದೂವರೆ ಲಕ್ಷಕ್ಕೂ ಹೆಚ್ಚು ಪದಗಳಿವೆ, 2019ರಿಂದ ಎಲ್ಲರಿಗೂ ಉಚಿತ. ಹಳೆಯ ಪದವಾದರೆ 1894ರಲ್ಲಿ ನಮ್ಮ ಮಂಗಳೂರಿನ ಬಾಸೆಲ್ ಮಿಷನ್ ಹೊರತಂದ ಕಿಟ್ಟೆಲ್ ನಿಘಂಟಿನ ಪುಟಗಳೇ ಇಂಟರ್ನೆಟ್ ಆರ್ಕೈವ್‌ನಲ್ಲಿ ಸಿಗುತ್ತವೆ. ಕನ್ನಡ ವಿಕಿಪೀಡಿಯ 2003ರಿಂದ, ತುಳು ವಿಕಿಪೀಡಿಯ 2016ರಿಂದ ಇದೆ. ಮಕ್ಕಳಿಗೆ ವಿಕಿಪೀಡಿಯ ಕೊಡುವಾಗ ಒಂದು ಮಾತು ಹೇಳಿಕೊಡಿ: ಪುಟದ ಅಡಿಯಲ್ಲಿ ಉಲ್ಲೇಖಗಳ ಪಟ್ಟಿ ಇದೆಯೇ ನೋಡಬೇಕು. ಜುಲೈ 1 ಯಾಕೆ ಪತ್ರಿಕಾ ದಿನ ಎಂದು ತಂಗಿಯ ಮಗಳು ಹುಡುಕಿದ್ದು ಹೀಗೆಯೇ. 1843ರ ಆ ದಿನ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಹೊರಟಿತು ಎಂಬುದು ಅವಳಿಗೆ ಒಂದು ಸಾಲಿನಲ್ಲಿ ಸಿಕ್ಕಿತು. ಆಮೇಲೆ ಉಲ್ಲೇಖ ಹಿಡಿದು ಹೋಗಿ ಅದರ ಸಂಪಾದಕ ಹೆರ್ಮನ್ ಮೋಗ್ಲಿಂಗ್ ಬಗ್ಗೆ ಅರ್ಧ ಗಂಟೆ ಓದಿದಳು.

ಇನ್ನು ಕರಾವಳಿಯ ಮನೆಗಳಿಗೆಂದೇ ಬೇಕಾದವು. ಮಳೆಗೆ ಭಾರತೀಯ ಹವಾಮಾನ ಇಲಾಖೆಯ 'ಮೌಸಮ್'. ಅಲೆಯ ಎತ್ತರ, ಕಡಲಿನ ಸ್ಥಿತಿಗೆ ಹೈದರಾಬಾದಿನ ಇನ್‌ಕೋಯಿಸ್ ಸಂಸ್ಥೆಯ ಪುಟ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ, ಆಗ ಕಡಲಿಗಿಳಿಯುವುದು ನಾಡದೋಣಿಯವರು. ಮಲ್ಪೆ ಕಡೆಯ ಮನೆಗಳಲ್ಲಿ ಈ ಪುಟ ಪಟ್ಟಿಯ ತಲೆಯಲ್ಲೇ ಇರಬೇಕು. ಅಡಿಕೆ ತೋಟದವರಿಗೆ ಅಡಿಕೆ ಕೊಳ್ಳುವ ಸಹಕಾರಿ ಸಂಸ್ಥೆ ಕ್ಯಾಂಪ್ಕೋದ ಧಾರಣೆ ಪುಟ.

ವಿಳಾಸ ಓದಿ, ಬಾಲ ಕತ್ತರಿಸಿ

ಪಟ್ಟಿಗೆ ಸೇರಿಸುವ ಮುಂಚೆ ವಿಳಾಸವನ್ನು ಒಮ್ಮೆ ಓದಿ. ಮೊದಲ ಒಂಟಿ ಓರೆಗೆರೆಯ (/) ವರೆಗಿನ ಭಾಗ ಮಾತ್ರ ಹೆಸರು. ಅದರ ಕೊನೆಯ ತುದಿ ನೋಡಬೇಕು. ಸರ್ಕಾರಿ ಪುಟವಾದರೆ ಸಾಮಾನ್ಯವಾಗಿ 'ಜಿಒವಿ ಡಾಟ್ ಇನ್' ಅಥವಾ 'ಎನ್‌ಐಸಿ ಡಾಟ್ ಇನ್' ಎಂದು ಮುಗಿಯುತ್ತದೆ. ಅದೇ ಅಕ್ಷರಗಳು ನಡುವೆ ಎಲ್ಲೋ ಇದ್ದು ತುದಿಯಲ್ಲಿ ಬೇರೇನೋ ಇದ್ದರೆ ಅದು ಸರ್ಕಾರದ್ದಲ್ಲ. ಬೀಗದ ಗುರುತು ಕಂಡರೆ ಸಾಚಾ ಎಂದೂ ಅಲ್ಲ. ನಿಮ್ಮ ಮತ್ತು ಆ ಪುಟದ ನಡುವಿನ ಮಾತು ಮೂರನೆಯವರಿಗೆ ಕೇಳಿಸುವುದಿಲ್ಲ ಎಂದಷ್ಟೇ ಅದರ ಅರ್ಥ, ಮೋಸದ ಪುಟಕ್ಕೂ ಬೀಗ ಇರುತ್ತದೆ.

ಫೇಸ್‌ಬುಕ್‌ನಿಂದಲೋ ಬೇರೆ ಕಡೆಯಿಂದಲೋ ತಂದ ಕೊಂಡಿಗೆ ಪ್ರಶ್ನಾರ್ಥಕ ಚಿಹ್ನೆಯಿಂದ ಮುಂದೆ ಉದ್ದದ ಬಾಲ ಇರುತ್ತದೆ. ನೀವು ಎಲ್ಲಿಂದ ಬಂದಿರಿ ಎಂದು ಎಣಿಸಲು ಇಟ್ಟದ್ದು ಅದು. ಸುದ್ದಿಪುಟಗಳಲ್ಲಿ ಸಾಮಾನ್ಯವಾಗಿ ಅಳಿಸಬಹುದು. ಅಳಿಸಿದ ಮೇಲೆ ಒಮ್ಮೆ ತೆರೆದು ನೋಡಿ, ಯಾಕೆಂದರೆ ಕೆಲವು ತಾಣಗಳಲ್ಲಿ ಪುಟದ ಗುರುತೇ ಆ ಚಿಹ್ನೆಯ ನಂತರ ಇರುತ್ತದೆ.

ಕನ್ನಡ ವಿಕಿಪೀಡಿಯದ ಕೊಂಡಿಯಲ್ಲಿ ಇನ್ನೊಂದು ತೊಡಕು ಉಂಟು. ಕನ್ನಡದ ಪ್ರತಿ ಸಂಕೇತವೂ ವಿಳಾಸದಲ್ಲಿ ಒಂಬತ್ತು ಚಿಹ್ನೆಗಳಾಗಿ ಒಡೆಯುತ್ತದೆ. 'ಉಡುಪಿ' ನಮಗೆ ಮೂರಕ್ಷರ. ಗಣಕಕ್ಕೆ ಉ, ಡ, ಉಕಾರ, ಪ, ಇಕಾರ ಎಂದು ಐದು. ಅಲ್ಲಿಗೆ ಶೇಕಡಾ ಚಿಹ್ನೆಗಳೇ ತುಂಬಿದ 45 ಚಿಹ್ನೆಗಳ ಸಾಲು! ನೋಡಿದವರು ವೈರಸ್ ಇರಬಹುದೆಂದು ಹೆದರಿ ಒತ್ತುವುದೇ ಇಲ್ಲ. ವಿಕಿಪೀಡಿಯದ ಪರಿಕರಗಳಲ್ಲೇ ಕಿರು ಕೊಂಡಿ ಮಾಡಿಕೊಳ್ಳುವ ಸೌಲಭ್ಯವಿದೆ, ಅದನ್ನು ಬಳಸಿ.

ಆ ಒಂದು ಸಾಲು

ಈ ಲೇಖನದಲ್ಲಿ ಒಂದನ್ನೇ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಬರೀ ಕೊಂಡಿ ಕಳುಹಿಸಬೇಡಿ. ಯಾರಿಗೆ, ಯಾವಾಗ, ಒಳಗೆ ಎಲ್ಲಿ ನೋಡಬೇಕು ಎಂದು ಒಂದು ಸಾಲು ಬರೆಯಿರಿ. "ಉಪಯುಕ್ತ ವೆಬ್‌ಸೈಟ್, ಎಲ್ಲರೂ ನೋಡಿ" ಎಂದರೆ ಯಾರೂ ನೋಡುವುದಿಲ್ಲ. ನಮ್ಮ ಪಟ್ಟಿಯಲ್ಲಿ ಹೀಗಿದೆ:

"ಕ್ಯಾಂಪ್ಕೋ: ದೊಡ್ಡಪ್ಪನಿಗೆ. ಅಡಿಕೆ ಕೊಡಲು ಹೋಗುವ ಮುಂಚೆ ಹೊಸ ಅಡಿಕೆ, ಹಳೆ ಅಡಿಕೆ, ಡಬಲ್ ಚೋಲ್ ಬೇರೆ ಬೇರೆ ನೋಡಿ. ಮೇಲೆ ತಾರೀಕು ಇವತ್ತಿನದ್ದೇ ಅಂತ ನೋಡಿಕೊಳ್ಳಿ."

"ಮೌಸಮ್: ರಾತ್ರಿ ಮಲಗುವ ಮುಂಚೆ. ಜಿಲ್ಲಾವಾರು ಎಚ್ಚರಿಕೆ ನಕ್ಷೆಯಲ್ಲಿ ನಮ್ಮ ಜಿಲ್ಲೆ ಕೆಂಪಾಗಿದ್ದರೆ ಬೆಳಿಗ್ಗೆ ಶಾಲೆಯ ಸಂದೇಶ ಬರುವವರೆಗೆ ಕಾಯುವುದು."

ದೊಡ್ಡಪ್ಪನಿಗೆ ಈಗ ಎಪ್ಪತ್ತಾರು. ಮೊದಲೆಲ್ಲ ಅಂಗಡಿಯವರು ಹೇಳಿದ್ದೇ ರೇಟು. ಈಗ ಪುಟ ತೆರೆದು ತೋರಿಸಿ ಮಾತಾಡುತ್ತಾರೆ. ಪುಟ ಮೊದಲೂ ಇತ್ತು, ಎಲ್ಲಿ ನೋಡಬೇಕೆಂದು ಹೇಳಿದವರು ಇರಲಿಲ್ಲ.

ಸುದ್ದಿಯಾದರೆ ಸಾಲಿನಲ್ಲಿ ತಾರೀಕು ಬರೆಯಲೇಬೇಕು. ಸಂದೇಶದ ಪಕ್ಕ ವಾಟ್ಸ್ಯಾಪ್ ತೋರಿಸುವುದು ಕಳುಹಿಸಿದ ಹೊತ್ತನ್ನು, ಆದೇಶ ಹೊರಟ ದಿನವನ್ನಲ್ಲ. 2018ರಿಂದ ಬರುತ್ತಿರುವ 'ಫಾರ್ವರ್ಡೆಡ್' ಗುರುತಿನಿಂದಲೂ ಆ ದಿನ ಗೊತ್ತಾಗುವುದಿಲ್ಲ. ನಾನು ಎಡವಿದ್ದು ಅಲ್ಲೇ.

ನಗುವನ್ನು ಬೇರೆಯಾಗಿಡಿ

ಹಾಸ್ಯದ ತಾಣಗಳನ್ನು ಸುದ್ದಿಯ ಜೊತೆ ಸೇರಿಸಬೇಡಿ. ಅಮೆರಿಕದ 'ದಿ ಆನಿಯನ್' ಸುದ್ದಿಯ ರೂಪದಲ್ಲೇ ಅಣಕ ಬರೆಯುತ್ತದೆ. ಉತ್ತರ ಕೊರಿಯಾದ ಕಿಮ್ ಜಾಂಗ್ ಉನ್ ಅವರೇ ಅತಿ ಆಕರ್ಷಕ ಗಂಡಸು ಎಂದು ಅದು 2012ರಲ್ಲಿ ಬರೆದಾಗ ಚೀನಾದ ಪೀಪಲ್ಸ್ ಡೈಲಿ ತಾಣ ನಿಜವೆಂದೇ ನಂಬಿ 55 ಪುಟಗಳ ಚಿತ್ರಮಾಲೆ ಹಾಕಿತ್ತು. ಪತ್ರಿಕಾಲಯವೇ ನಂಬುವಾಗ ನಮ್ಮ ಚಿಕ್ಕಪ್ಪ ನಂಬದಿರುತ್ತಾರೆಯೇ? ಸಾಲಿನ ಮೊದಲ ಪದವೇ 'ತಮಾಷೆ' ಎಂದಿರಲಿ.

ವ್ಯಂಗ್ಯಚಿತ್ರವಾದರೆ ಕಲಾವಿದರ ಸ್ವಂತ ಪುಟದ ಕೊಂಡಿ ಕಳುಹಿಸಿ. ಸಹಿ ಕತ್ತರಿಸಿದ ಚಿತ್ರ ಹಂಚುವುದು ಅವರ ದುಡಿಮೆಗೆ ಮಾಡುವ ಅನ್ಯಾಯ. ಯಕ್ಷಗಾನದ ಹಾಸ್ಯವಾದರೆ ನಿಮಿಷ ಬರೆಯಿರಿ. ರಾತ್ರಿಯಿಡೀ ನಡೆದ ಆಟದ ವಿಡಿಯೋದಲ್ಲಿ ಹಾಸ್ಯಗಾರ ಬರುವುದು ಎರಡು ಗಂಟೆ ಹದಿನೇಳನೇ ನಿಮಿಷಕ್ಕಾದರೆ ಹುಡುಕುವ ತಾಳ್ಮೆ ಯಾರಿಗಿದೆ? ಗಣಕದಲ್ಲಿ ಯೂಟ್ಯೂಬಿನ ಶೇರ್ ಒತ್ತಿದರೆ ಇಂತಿಷ್ಟು ಹೊತ್ತಿನಿಂದ ಶುರುವಾಗಲಿ ಎಂದು ಗುರುತು ಹಾಕಲು ಬರುತ್ತದೆ.

ಇಡುವುದೆಲ್ಲಿ?

ಗುಂಪಿನಲ್ಲಿ ಒಂದೇ ಸಂದೇಶವಾಗಿ ಹಾಕಿ ಪಿನ್ ಮಾಡಿ. ಪಿನ್ ಹೆಚ್ಚೆಂದರೆ 30 ದಿನ ನಿಲ್ಲುತ್ತದೆ, ಮತ್ತೆ ಹಾಕಬೇಕು. ಅದಕ್ಕಾಗಿ ಗೂಗಲ್ ಡಾಕ್‌ನಲ್ಲೂ ಒಂದು ಪ್ರತಿ ಇಡಿ. ತಿದ್ದುವ ಅಧಿಕಾರ ಇಬ್ಬರಿಗೆ, ಉಳಿದವರಿಗೆ ಓದಲು ಮಾತ್ರ.

ಮೂರು ತಿಂಗಳಿಗೊಮ್ಮೆ ಎಲ್ಲ ಕೊಂಡಿಗಳನ್ನೂ ಒತ್ತಿ ನೋಡಿ, ಸತ್ತದ್ದನ್ನು ತೆಗೆಯಿರಿ. ಮಾಯವಾದ ಪುಟದ ವಿಳಾಸವನ್ನು ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್‌ನಲ್ಲಿ ಹಾಕಿದರೆ ಹಳೆಯ ಪ್ರತಿ ಸಿಗುವುದುಂಟು. ಕಳೆದುಹೋಗಬಾರದು ಅನ್ನಿಸಿದ ಪುಟವನ್ನು ಈಗಲೇ ಅಲ್ಲಿ ಉಳಿಸಿಡಲೂಬಹುದು.

ಹಿರಿಯರಿಗೆ ಟೈಪ್ ಮಾಡುವುದು ಕಷ್ಟ. ಕ್ರೋಮ್‌ನ ಶೇರ್ ಪಟ್ಟಿಯಲ್ಲಿ ಕ್ಯೂಆರ್ ಕೋಡ್ ಎಂದಿರುತ್ತದೆ, ಅದನ್ನು ಮುದ್ರಿಸಿ ಕೊಡಿ. ದೊಡ್ಡಪ್ಪನ ಮನೆಯ ಚಾವಡಿಯಲ್ಲಿ ಕ್ಯಾಲೆಂಡರಿನ ಕೆಳಗೆ ಎರಡು ಚೀಟಿ ಅಂಟಿಸಿದ್ದೇವೆ. ಒಂದರ ಮೇಲೆ 'ಅಡಿಕೆ', ಇನ್ನೊಂದರ ಮೇಲೆ 'ಮಳೆ' ಎಂದು ದಪ್ಪ ಅಕ್ಷರದಲ್ಲಿ ಬರೆದಿದೆ. ಬೆರಳಿನ ಬೆವರಿಗೆ ಅಡಿಕೆಯ ಚೀಟಿ ಮಾಸಿದೆ, ಮುಂದಿನ ಸಲ ಹೋಗುವಾಗ ಹೊಸದು ಒಯ್ಯಬೇಕು.